ಕ್ಯಾನ್ಸರ್ ಅಲ್ಲದ ಗಡ್ಡೆಗೆ ಎದೆ ತೆರೆಯುವುದೇಕೆ?

"ಕ್ಯಾನ್ಸರ್ ಅಲ್ಲ ಅಂದ ಮೇಲೆ ಎದೆ ಸೀಳಿಸಿಕೊಳ್ಳುವುದು ಯಾಕೆ?" ಅತ್ತಿಗೆಯ ಹೃದಯದೊಳಗೆ ಗಡ್ಡೆ ಇದೆ ಎಂಬ ಸುದ್ದಿ ಸೋಮವಾರಪೇಟೆಯ ನಮ್ಮ ನೆಂಟರಿಷ್ಟರಲ್ಲಿ ಹಬ್ಬಿದಾಗ ಹೆಚ್ಚುಕಡಿಮೆ ಎಲ್ಲರೂ ಕೇಳಿದ ಪ್ರಶ್ನೆ ಇದು. ಕೇಳಿದವರನ್ನು ತಪ್ಪು ಎನ್ನಲಾಗದು. ಬೆನ್ನಿನ ಮೇಲೆ ನಿಂಬೆಗಾತ್ರದ ಕೊಬ್ಬಿನ ಗಡ್ಡೆ ಇಟ್ಟುಕೊಂಡೇ ತುಂಬು ಬಾಳು ಬಾಳಿದವರನ್ನು ನಾವೆಲ್ಲ ಕಂಡಿದ್ದೇವೆ. ಹರಡದ ಗಡ್ಡೆಯನ್ನು ಮುಟ್ಟದೆ ಇರುವುದೇ ಲೇಸು ಎಂದು ಹಿರಿಯರು ಹೇಳಿದ್ದನ್ನೂ ಕೇಳಿದ್ದೇವೆ. ಆದರೆ ಆ ಮಾತನ್ನು ಹೃದಯಕ್ಕೆ ಅನ್ವಯಿಸಲು ಬರುವುದಿಲ್ಲ. ಹೃದಯದೊಳಗಿನ ಗಡ್ಡೆಯ ವಿಷಯದಲ್ಲಿ ಅದು ಯಾವ ಜಾತಿಯದು ಎಂಬುದಕ್ಕಿಂತ ಎಲ್ಲಿ ಕುಳಿತಿದೆ, ರಕ್ತದ ಹರಿವಿಗೆ ಎಷ್ಟು ಅಡ್ಡ ಬರುತ್ತಿದೆ, ಅದರಿಂದ ಚೂರು ಕಳಚಿ ಹೋಗುವ ಸಂಭವ ಎಷ್ಟು ಎಂಬುದನ್ನೇ ವೈದ್ಯರು ಮೊದಲು ನೋಡುತ್ತಾರೆ. ಹಲವು ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಹೇಳಿದವಳಾಗಿ ಹೃದಯದ ನಾಲ್ಕು ಕೋಣೆಗಳ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅದರಲ್ಲಿ ಒಂದು ಕೋಣೆಯೊಳಗೆ ಗಡ್ಡೆಯೊಂದು ಬೆಳೆದರೆ ಏನಾಗುತ್ತದೆ, ಅದನ್ನು ಹೇಗೆ ತೆಗೆಯುತ್ತಾರೆ ಎಂಬುದನ್ನು ಅತ್ತಿಗೆಯ ಕಾಯಿಲೆಯ ಹೊತ್ತಿನಲ್ಲಿ ವೈದ್ಯರಿಂದ ಕೇಳಿ, ಓದಿ, ಮತ್ತೆ ಕೇಳಿ ತಿಳಿದುಕೊಂಡೆ. ನಮ್ಮ ಕಡೆಯ ಮನೆಗಳಲ್ಲಿ ಇದು ಯಾರಿಗಾದರೂ ಬೇಕಾಗಬಹುದು ಎಂಬ ಕಾರಣಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಹೃದಯದಲ್ಲಿಯೇ ಹುಟ್ಟುವ ಗಡ್ಡೆಗಳು ಬಹಳ ಅಪರೂಪ. ಮರಣೋತ್ತರ ಪರೀಕ್ಷೆಗಳ ಆಧಾರದ ಮೇಲೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಶೇ. 0.02ರಷ್ಟು, ಅಂದರೆ 5,000 ಜನರಲ್ಲಿ ಒಬ್ಬರಿಗೆ. ಹುಟ್ಟಿದ ಮೇಲೆ ಹೃದಯದ ಸ್ನಾಯುಕೋಶಗಳು ಅಷ್ಟಾಗಿ ವಿಭಜನೆಗೊಳ್ಳುವುದಿಲ್ಲವಾದ್ದರಿಂದ ಅಲ್ಲಿ ಗಡ್ಡೆಗೆ ಅವಕಾಶ ಕಡಿಮೆ. ದೇಹದ ಬೇರೆ ಕಡೆಯ ಕ್ಯಾನ್ಸರ್ ಹೃದಯಕ್ಕೆ ಹರಡುವುದು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹೃದಯದಲ್ಲಿಯೇ ಹುಟ್ಟಿದ ಗಡ್ಡೆಗಳ ಪೈಕಿ ಸುಮಾರು ಮುಕ್ಕಾಲು ಪಾಲು ಕ್ಯಾನ್ಸರ್ ಅಲ್ಲದವು, ದೊಡ್ಡವರಲ್ಲಿ ಅವುಗಳಲ್ಲಿ ಸುಮಾರು ಅರ್ಧದಷ್ಟು ಮಿಕ್ಸೋಮಾ ಎಂಬ ಜಾತಿಯವು. ಅತ್ತಿಗೆಗೆ ಇದ್ದದ್ದು ಇದೇ. ಇದು ಹೆಚ್ಚಾಗಿ ಮೂವತ್ತರಿಂದ ಅರವತ್ತರ ನಡುವಿನ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ನಾಲ್ಕರಲ್ಲಿ ಮೂರು ಮಿಕ್ಸೋಮಾಗಳು ಎಡ ಹೃತ್ಕರ್ಣದಲ್ಲಿ, ಅಂದರೆ ಹೃದಯದ ಎಡಭಾಗದ ಮೇಲಿನ ಕೋಣೆಯಲ್ಲಿ, ಬೆಳೆಯುತ್ತವೆ. ಅಲ್ಲಿಯೂ ಅವು ಮನಸ್ಸಿಗೆ ಬಂದ ಕಡೆ ಬೇರು ಬಿಡುವುದಿಲ್ಲ. ಎಡ ಮತ್ತು ಬಲ ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಮೊಟ್ಟೆಯಾಕಾರದ ಒಂದು ತಗ್ಗು ಇದೆ. ಮಗು ಗರ್ಭದಲ್ಲಿರುವಾಗ ರಕ್ತ ಬಲದಿಂದ ಎಡಕ್ಕೆ ಹಾದುಹೋಗಲು ಇದ್ದ ಕಿಂಡಿ ಹುಟ್ಟಿದ ಮೇಲೆ ಮುಚ್ಚಿಕೊಂಡಾಗ ಉಳಿಯುವ ಗುರುತು ಅದು. ಮಿಕ್ಸೋಮಾದ ತೊಟ್ಟು ಸಾಮಾನ್ಯವಾಗಿ ಆ ತಗ್ಗಿನ ಅಂಚಿನಲ್ಲಿ ಅಂಟಿಕೊಂಡಿರುತ್ತದೆ, ಗಡ್ಡೆ ಮಾತ್ರ ಕೋಣೆಯೊಳಕ್ಕೆ ಜೋತುಬಿದ್ದಿರುತ್ತದೆ. ಶ್ವಾಸಕೋಶದಲ್ಲಿ ಶುದ್ಧವಾದ ರಕ್ತವೆಲ್ಲ, ಅಂದರೆ ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್, ಈ ಎಡ ಹೃತ್ಕರ್ಣಕ್ಕೆ ಬಂದು ಮೈಟ್ರಲ್ ಎಂಬ ಕವಾಟದ ಮೂಲಕ ಕೆಳಗಿನ ಕೋಣೆಯಾದ ಎಡ ಹೃತ್ಕುಕ್ಷಿಗೆ ಇಳಿಯಬೇಕು. ಆರೋಗ್ಯವಂತರಲ್ಲಿ ಆ ಕವಾಟದ ಬಾಯಿ 4ರಿಂದ 6 ಚದರ ಸೆಂಟಿಮೀಟರ್ ಮಾತ್ರ. ಕವಾಟ ತೆರೆದಾಗಲೆಲ್ಲ ರಕ್ತದ ಜೊತೆಗೆ ಗಡ್ಡೆಯೂ ಆ ಬಾಯಿಯತ್ತ ಸರಿಯುತ್ತದೆ, ಕವಾಟ ಮುಚ್ಚಿದಾಗ ಹಿಂದಕ್ಕೆ ಬರುತ್ತದೆ. ದಿನಕ್ಕೆ ಲಕ್ಷದ ಆಸುಪಾಸಿನ ಬಡಿತಗಳಲ್ಲಿ ಪ್ರತಿ ಬಡಿತಕ್ಕೂ ಹೀಗೆ ನಡೆಯುತ್ತದೆ. ಬಾಯಿ ಅರ್ಧ ಕಟ್ಟಿಕೊಂಡರೆ ರಕ್ತ ಹಿಂದಕ್ಕೆ ನಿಂತು ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ, ಏದುಸಿರು ಬರುತ್ತದೆ. ಒಂದು ಗಳಿಗೆ ಪೂರ್ತಿ ಕಟ್ಟಿಕೊಂಡರೆ ತಲೆಸುತ್ತಿ ಬೀಳುವುದು, ಅಪರೂಪಕ್ಕೆ ಹಠಾತ್ ಸಾವೂ ಉಂಟು.

ನಮ್ಮ ತೋಟ ಇರುವುದು ಇಳಿಜಾರಿನಲ್ಲಿ. ಕೊಡಗಿನಲ್ಲಿ ಸಮತಟ್ಟಾದ ಜಾಗದಲ್ಲಿ ಮನೆ, ಕಣ, ತೋಟ ಮೂರೂ ಇರುವವರು ಪುಣ್ಯವಂತರು. ಕಾಫಿ ಕೊಯ್ಲಿನ ದಿನಗಳಲ್ಲಿ ಅತ್ತಿಗೆ ಬೆಳಿಗ್ಗೆ ತೋಟಕ್ಕಿಳಿದರೆ ಮಧ್ಯಾಹ್ನ ಏರಿ ಬಂದು ಕಣದಲ್ಲಿ ಹಣ್ಣು ಹರವುವ ಕೆಲಸಕ್ಕೆ ನಿಲ್ಲುವವರು. ಆ ವರ್ಷ ಏರು ಹತ್ತುವಾಗ ನಡುನಡುವೆ ಸಿಲ್ವರ್ ಓಕ್ ಮರ ಹಿಡಿದು ನಿಲ್ಲತೊಡಗಿದರು. ವಯಸ್ಸಾಯಿತು, ಮೈ ಭಾರವಾಯಿತು ಎಂದು ಅವರೇ ಕಾರಣ ಕೊಟ್ಟುಕೊಂಡರು. ಆದರೆ ಆ ತಿಂಗಳುಗಳಲ್ಲಿ ಅವರ ತೂಕ ಇಳಿಯುತ್ತಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಸಂಜೆ ಹೊತ್ತಿಗೆ ಸಣ್ಣ ಜ್ವರ. ರಾತ್ರಿ ಎಡಮಗ್ಗುಲಾಗಿ ಮಲಗಿದರೆ ಕೆಮ್ಮು ಮತ್ತು ಉಬ್ಬಸ, ಎದ್ದು ಕುಳಿತು ಮುಂದಕ್ಕೆ ಬಾಗಿದರೆ ಸಮಾಧಾನ. ಹತ್ತಿರದ ಕ್ಲಿನಿಕ್ಕಿನಲ್ಲಿ ಮಳೆಗಾಲದ ಥಂಡಿಯ ಅಲರ್ಜಿ ಎಂದು ಇನ್‌ಹೇಲರ್ ಬರೆದುಕೊಟ್ಟರು. ಇನ್ನೊಂದು ಕಡೆ ಕಫ ಪರೀಕ್ಷೆ ಮಾಡಿಸಿ, ಕ್ಷಯ ಅಲ್ಲ ಎಂದು ತಿಳಿದ ಮೇಲೆ ಕಬ್ಬಿಣಾಂಶದ ಮಾತ್ರೆ ಕೊಟ್ಟರು. ರಕ್ತ ಕಡಿಮೆ ಇದ್ದದ್ದೂ ನಿಜ, ದೇಹದಲ್ಲಿ ಉರಿಯೂತ ಇದ್ದರೆ ಏರುವ ರಕ್ತಪರೀಕ್ಷೆಯ ಅಂಕಿಯಾದ ಇಎಸ್‌ಆರ್ ಏರಿದ್ದದ್ದೂ ನಿಜ.

ಜ್ವರ, ತೂಕ ಇಳಿಯುವುದು, ರಕ್ತಹೀನತೆ, ಏರಿದ ಇಎಸ್‌ಆರ್ ಇವೆಲ್ಲವೂ ಮಿಕ್ಸೋಮಾದ ಲಕ್ಷಣಗಳೇ ಎಂಬುದು ನನಗೆ ಬಹಳ ಆಶ್ಚರ್ಯ ತಂದ ಸಂಗತಿ. ಕೆಲವು ಮಿಕ್ಸೋಮಾಗಳು ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ಸೋಂಕು ತಗುಲಿದಾಗ ದೇಹ ತಾನೇ ಉಂಟುಮಾಡುವ ಸಂದೇಶವಾಹಕ ಅದು. ಹಾಗಾಗಿ ಸೋಂಕು ಇಲ್ಲದಿದ್ದರೂ ದೇಹ ಸೋಂಕು ಇದ್ದಂತೆಯೇ ನಡೆದುಕೊಳ್ಳುತ್ತದೆ. ಗಡ್ಡೆ ತೆಗೆದ ಮೇಲೆ ಈ ಲಕ್ಷಣಗಳು ಸಾಮಾನ್ಯವಾಗಿ ತಾವಾಗಿಯೇ ಹೋಗುತ್ತವೆ. ಹೃದಯದ ಕಾಯಿಲೆಯೆಂದರೆ ಎದೆನೋವು ಎಂದಷ್ಟೇ ತಿಳಿದಿರುವ ನಮಗೆ ತಿಂಗಳುಗಟ್ಟಲೆ ಬರುವ ಸಣ್ಣ ಜ್ವರ ಹೃದಯದಿಂದ ಬಂದೀತು ಎಂದು ಹೊಳೆಯುವುದಿಲ್ಲ. ಕ್ಲಿನಿಕ್ಕಿನ ವೈದ್ಯರನ್ನು ನಾನು ದೂರುವುದಿಲ್ಲ. ವರ್ಷವಿಡೀ ನೂರಾರು ಉಬ್ಬಸದ ರೋಗಿಗಳನ್ನು ನೋಡುವವರಿಗೆ ತಮ್ಮ ವೃತ್ತಿಯ ಇಡೀ ಅವಧಿಯಲ್ಲಿ ಒಂದು ಮಿಕ್ಸೋಮಾ ಎದುರಾದರೆ ಹೆಚ್ಚು. ಆದರೆ ಮಲಗುವ ಭಂಗಿ ಬದಲಿಸಿದರೆ ಏದುಸಿರು ಬದಲಾಗುತ್ತದೆ ಎಂದು ಅತ್ತಿಗೆ ಪ್ರತಿ ಸಲವೂ ಹೇಳಿದ್ದರು, ಆ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ.

ಅದನ್ನು ಬರೆದುಕೊಂಡವರು ಮಡಿಕೇರಿಯ ಒಬ್ಬ ವೈದ್ಯೆ. ಅವರು ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಅತ್ತಿಗೆಯನ್ನು ಕುಳ್ಳಿರಿಸಿ ಕೇಳಿದರು, ಮಲಗಿಸಿ ಕೇಳಿದರು, ಎಡಕ್ಕೆ ಹೊರಳಿಸಿ ಮತ್ತೆ ಕೇಳಿದರು. ಮೈಟ್ರಲ್ ಕವಾಟ ಕಿರಿದಾದವರಲ್ಲಿ ಕೇಳಿಬರುವಂಥ ಶಬ್ದವೇ ಇಲ್ಲಿಯೂ ಇತ್ತು, ಆದರೆ ಭಂಗಿ ಬದಲಾದಂತೆ ಅದೂ ಬದಲಾಗುತ್ತಿತ್ತು. ನಮ್ಮ ದೇಶದಲ್ಲಿ ಮೈಟ್ರಲ್ ಕವಾಟ ಕಿರಿದಾಗುವುದಕ್ಕೆ ಮುಖ್ಯ ಕಾರಣ ಬಾಲ್ಯದಲ್ಲಿ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ. ಹಾಗಾಗಿ ಅಂಥ ಶಬ್ದ ಕೇಳಿದ ಕೂಡಲೇ ವೈದ್ಯರ ಮನಸ್ಸು ಅತ್ತ ಹೋಗುವುದು ಸಹಜ, ಮಿಕ್ಸೋಮಾ ಆ ವೇಷದಲ್ಲಿಯೇ ಬರುತ್ತದೆ. ಕೆಲವರಲ್ಲಿ ಗಡ್ಡೆ ಕವಾಟದೊಳಕ್ಕೆ ಬಂದು ತಡೆದು ನಿಲ್ಲುವಾಗ ದಪ್ಪನೆಯ ಒಂದು ಹೆಚ್ಚುವರಿ ಶಬ್ದವೂ ಕೇಳುತ್ತದೆಯಂತೆ. "ನನಗೆ ಕವಾಟದ ಅನುಮಾನ ಇದೆ, ಆದರೆ ಬರೀ ಕವಾಟವಾದರೆ ಮಗ್ಗುಲು ಬದಲಿಸಿದಾಗ ಇಷ್ಟು ವ್ಯತ್ಯಾಸ ಆಗಬಾರದು. ಇವತ್ತೇ ಎಕೋ ಮಾಡಿಸಿಕೊಂಡು ಹೋಗಿ ಅಮ್ಮಾ, ನಾಳೆ ಅನ್ನಬೇಡಿ" ಎಂದರು.

ಎಕೋ ಎಂದರೆ ಕಿವಿಗೆ ಕೇಳದ ಶ್ರವಣಾತೀತ ಧ್ವನಿಯಿಂದ (ಅಲ್ಟ್ರಾಸೌಂಡ್) ಹೃದಯದ ಚಿತ್ರ ತೆಗೆಯುವ ಪರೀಕ್ಷೆ. ಆ ಕೋಣೆಗೆ ನನ್ನನ್ನೂ ಬಿಟ್ಟರು. ಅತ್ತಿಗೆಯ ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಎಡಮಗ್ಗುಲಾಗಿಸಿ, ಪ್ರೋಬನ್ನು ಪಕ್ಕೆಲುಬುಗಳ ನಡುವೆ ಒತ್ತಿ ಹಿಡಿದಾಗ ಪರದೆಯ ಮೇಲೆ ಬೂದುಬಣ್ಣದ ನಾಲ್ಕು ಕೋಣೆಗಳು ಮೂಡಿದವು. ಪುಸ್ತಕದ ಚಿತ್ರಕ್ಕೆ ತಲೆಕೆಳಗಾಗಿ ಕಾಣುವುದರಿಂದ ಮೊದಲು ಗೊತ್ತಾಗಲಿಲ್ಲ. ಆಮೇಲೆ ಕಂಡಿತು. ಎಡ ಹೃತ್ಕರ್ಣದಲ್ಲಿ, ಏನೂ ಇರಬಾರದ ಕಪ್ಪು ಜಾಗದಲ್ಲಿ, ಮಂಜು ಬಣ್ಣದ ಉಂಡೆಯೊಂದು ಕವಾಟದ ಎರಡು ತೆಳ್ಳನೆಯ ರೆಕ್ಕೆಗಳನ್ನು ಸರಿಸಿಕೊಂಡು ಹೃತ್ಕುಕ್ಷಿಯೊಳಕ್ಕೆ ಇಣುಕುತ್ತಿತ್ತು, ಮರುಕ್ಷಣವೇ ಹಿಂದಕ್ಕೆ ಹೋಗಿ ಗೋಡೆಗೆ ಒರಗುತ್ತಿತ್ತು. ಅದರ ಅಂಚು ನುಣುಪಾಗಿರಲಿಲ್ಲ, ಎಳೆಎಳೆಯಾಗಿ ಅಲುಗುತ್ತಿತ್ತು. ಎಕೋ ಮಾಡುತ್ತಿದ್ದವರು ಚಿತ್ರವನ್ನು ನಿಲ್ಲಿಸಿ ಈ ತುದಿಯಿಂದ ಆ ತುದಿಗೆ ಗೆರೆ ಎಳೆದರು: 5 ಸೆಂಟಿಮೀಟರ್‌ಗಿಂತ ತುಸು ಹೆಚ್ಚು. "ತೊಟ್ಟು ಇಲ್ಲಿದೆ ನೋಡಿ ಮೇಡಂ" ಎಂದು ನಡುಗೋಡೆಯ ಮೇಲೆ ಬೆರಳಿಟ್ಟು ತೋರಿಸಿದರು. ಹೆಪ್ಪುಗಟ್ಟಿದ ರಕ್ತವೂ ಎಡ ಹೃತ್ಕರ್ಣದಲ್ಲಿ ಉಂಡೆಯಂತೆ ಕಾಣಬಹುದು. ಆದರೆ ನಡುಗೋಡೆಗೆ ತೊಟ್ಟಿನಿಂದ ಅಂಟಿಕೊಂಡು ಹೀಗೆ ಓಲಾಡುವುದು ಮಿಕ್ಸೋಮಾದ ಲಕ್ಷಣ ಎಂದು ಆಮೇಲೆ ವಿವರಿಸಿದರು.

ಈ ರೋಗದ ಚರಿತ್ರೆಯನ್ನು ಓದುವಾಗ ಸ್ವೀಡನ್ ದೇಶದ ಎರಡು ಘಟನೆಗಳ ಬಳಿ ನಾನು ಬಹಳ ಹೊತ್ತು ನಿಂತೆ. ಹೃದಯದಲ್ಲಿ ಗಡ್ಡೆ ಇರುತ್ತದೆ ಎಂಬುದು 16ನೇ ಶತಮಾನದಿಂದಲೇ ಗೊತ್ತಿತ್ತು. ಇಟಲಿಯ ಅಂಗರಚನಾ ತಜ್ಞ ರಿಯಾಲ್ಡೊ ಕೊಲಂಬೊ 1559ರಲ್ಲಿಯೇ ಅದನ್ನು ದಾಖಲಿಸಿದ್ದ. ಆದರೆ ಆಮೇಲಿನ ಸುಮಾರು ನಾಲ್ಕು ಶತಮಾನ ಅದು ಸತ್ತವರ ಎದೆಯಲ್ಲಿ ಸಿಗುವ ವಸ್ತುವಾಗಿಯೇ ಉಳಿಯಿತು. ಬದುಕಿರುವಾಗ ಕಾಣಲು ದಾರಿ ಇರಲಿಲ್ಲ, ಕಂಡರೂ ತೆಗೆಯಲು ದಾರಿ ಇರಲಿಲ್ಲ. 1953ರಲ್ಲಿ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಸೇರಿ ಲೋಹದ ಬಿರುಕು ಹುಡುಕಲು ಬಳಸುತ್ತಿದ್ದ ಶ್ರವಣಾತೀತ ಧ್ವನಿಯ ಉಪಕರಣವನ್ನು ಎದೆಗೆ ಹಿಡಿದು ಹೃದಯದ ಚಲನೆಯನ್ನು ದಾಖಲಿಸಿದರು. ಎಡ್ಲರ್‌ಗೆ ಬೇಕಾಗಿದ್ದದ್ದು ಮೈಟ್ರಲ್ ಕವಾಟದ ಸ್ಥಿತಿಯನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಅರಿಯುವ ದಾರಿ. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಮೊದಲ ಬಾರಿಗೆ ಯಶಸ್ವಿಯಾಗಿ ಹೃದಯ ತೆರೆದು ರಿಪೇರಿ ಮಾಡಿದ್ದರು. ಮರುವರ್ಷ, 1954ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ ಕ್ಲಾರೆನ್ಸ್ ಕ್ರಾಫೋರ್ಡ್ ಅಂಥ ಯಂತ್ರವನ್ನೇ ಬಳಸಿ ಎಡ ಹೃತ್ಕರ್ಣದ ಮಿಕ್ಸೋಮಾವನ್ನು ತೆಗೆದರು. ಹಾಗೆ ಯಶಸ್ವಿಯಾಗಿ ತೆಗೆದದ್ದು ಅದೇ ಮೊದಲು. ನೋಡುವ ಉಪಕರಣ ಮತ್ತು ತೆಗೆಯುವ ವಿಧಾನ ಒಂದೇ ದೇಶದಲ್ಲಿ ವರ್ಷದೊಳಗೆ ಹುಟ್ಟಿದವು, ಆದರೆ ಅವು ಒಂದನ್ನೊಂದು ಸೇರಲು ಇನ್ನೂ ಕೆಲವು ವರ್ಷ ಬೇಕಾಯಿತು: ಜರ್ಮನಿಯಲ್ಲಿ ಎಫರ್ಟ್ ಮತ್ತು ಡೊಮಾನಿಗ್ ಶ್ರವಣಾತೀತ ಧ್ವನಿಯಿಂದ ಎಡ ಹೃತ್ಕರ್ಣದ ಗಡ್ಡೆಯನ್ನು ಗುರುತಿಸಿ ವರದಿ ಮಾಡಿದ್ದು 1959ರಲ್ಲಿ. ನಮ್ಮ ಅಜ್ಜಿಯ ಕಾಲದಲ್ಲಿ ಅತ್ತಿಗೆಗೆ ಈ ಕಾಯಿಲೆ ಬಂದಿದ್ದರೆ ಅದಕ್ಕೊಂದು ಹೆಸರೂ ಸಿಗುತ್ತಿರಲಿಲ್ಲ.

ಮತ್ತೆ ನೆಂಟರ ಪ್ರಶ್ನೆಗೆ ಬರುತ್ತೇನೆ. ದಾರಿ ಕಟ್ಟುವುದಕ್ಕಿಂತಲೂ ಹೆಚ್ಚು ಭಯಪಡಬೇಕಾದ ಸಂಗತಿ ಇನ್ನೊಂದಿದೆ. ಮಿಕ್ಸೋಮಾ ಲೋಳೆಯಂಥ ಮೃದು ವಸ್ತು. ಅದರ ಮೈ ಎಳೆಎಳೆಯಾಗಿದ್ದರೆ ಸುಲಭವಾಗಿ ಚೂರಾಗುತ್ತದೆ. ಮೇಲ್ಮೈಯಲ್ಲಿ ರಕ್ತ ಹೆಪ್ಪುಗಟ್ಟಿ ಅದೂ ಕಳಚಿಕೊಳ್ಳಬಹುದು. ಎಡಭಾಗದಿಂದ ಕಳಚಿದ ಚೂರು ರಕ್ತದೊಂದಿಗೆ ಎಲ್ಲಿಗೆ ಬೇಕಾದರೂ ಹೋದೀತು, ಹೆಚ್ಚಾಗಿ ಹೋಗುವುದು ಮಿದುಳಿಗೆ. ಮಿಕ್ಸೋಮಾ ಇರುವವರಲ್ಲಿ ಮೂರನೇ ಒಂದು ಭಾಗದಷ್ಟು ಜನರಿಗೆ ಹೀಗೆ ಚೂರು ಹೋಗಿ ಎಲ್ಲಿಯಾದರೂ ತಡೆಯುತ್ತದೆ ಎಂದು ಹೇಳುತ್ತಾರೆ. ಎಷ್ಟೋ ಜನರಿಗೆ ರೋಗ ಪತ್ತೆಯಾಗುವುದೇ ಲಕ್ವ ಹೊಡೆದ ಮೇಲೆ. ಬಿಪಿ ಇಲ್ಲದ, ಸಕ್ಕರೆ ಕಾಯಿಲೆ ಇಲ್ಲದ, ನಲವತ್ತರ ಒಳಗಿನವರಿಗೆ ಲಕ್ವ ಹೊಡೆದರೆ ಹೃದಯದ ಎಕೋ ಮಾಡಿಸಲೇಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಮಿಕ್ಸೋಮಾವನ್ನು ಕರಗಿಸುವ ಔಷಧಿ ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗಿದರೂ ಗಡ್ಡೆಯ ಚೂರೇ ಕಳಚುವುದನ್ನು ಅದು ತಡೆಯಲಾರದು. ಆದ್ದರಿಂದಲೇ ಪತ್ತೆಯಾದ ಮೇಲೆ ಶಸ್ತ್ರಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮುಂದೂಡುವುದಿಲ್ಲ, ಸಾಧ್ಯವಾದಷ್ಟು ಬೇಗ ಮಾಡುತ್ತಾರೆ. ಕೊಯ್ಲು ಮುಗಿಯಲಿ, ಕಾಫಿ ಮಾರಿ ಬರೋಣ ಎಂದು ಅಣ್ಣ ಕೇಳಿದಾಗ ಮಡಿಕೇರಿಯ ಆ ವೈದ್ಯೆ, "ಕಾಫಿ ಗಿಡದಲ್ಲಿ ಕಾಯುತ್ತದೆ ಸರ್, ಇದು ಕಾಯುವುದಿಲ್ಲ" ಎಂದು ಮೆಲ್ಲಗೆ ಆದರೆ ಖಂಡಿತವಾಗಿ ಹೇಳಿದರು.

ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ ಕೊಡಗಿನವರು ಜಿಲ್ಲೆ ದಾಟಿ ಹೋಗುವುದು ವಾಡಿಕೆ: ಒಂದೋ ಕುಶಾಲನಗರ, ಹುಣಸೂರು ದಾಟಿ ಮೈಸೂರಿಗೆ, ಇಲ್ಲವೇ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. 2018ರ ಆಗಸ್ಟ್‌ನ ಮಳೆಯಲ್ಲಿ ಸಂಪಾಜೆ ದಾರಿ ಕುಸಿದು ಬಂದ್ ಆದಾಗ ಆ ಕಡೆಯ ಆಸ್ಪತ್ರೆಗಳನ್ನು ನೆಚ್ಚಿಕೊಂಡಿದ್ದವರು ಪಟ್ಟ ಪಾಡನ್ನು ನೆನೆದರೆ ಎಷ್ಟು ಮೊದಲೇ ಪತ್ತೆಯಾದರೂ ಅದು ಬೇಗ ಆಯಿತು ಎನ್ನುವಂತಿಲ್ಲ. ಮೈಸೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯೂ ಇದೆ, ಖಾಸಗಿಯವೂ ಇವೆ. ನಾವು ಹೋದದ್ದು ವೈದ್ಯೆ ಫೋನ್ ಮಾಡಿ ಮಾತನಾಡಿದ ಕಡೆಗೆ. ಖರ್ಚಿನ ಬಗ್ಗೆ ಇಷ್ಟು ಹೇಳಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ, ಎಪಿಎಲ್ ಕುಟುಂಬಕ್ಕೆ ನಿಗದಿತ ಪ್ಯಾಕೇಜಿನ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ. ತುರ್ತು ಸ್ಥಿತಿ ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕಾಗುತ್ತದೆ. ಹೊರಡುವ ಮೊದಲೇ ಅದನ್ನು ಕೈಯಲ್ಲಿ ಹಿಡಿದುಕೊಂಡರೆ ಕೌಂಟರಿನಿಂದ ಕೌಂಟರಿಗೆ ಅಲೆಯುವುದು ತಪ್ಪುತ್ತದೆ. ನಲವತ್ತು ದಾಟಿದವರಾದ್ದರಿಂದ ಅತ್ತಿಗೆಗೆ ಆಂಜಿಯೋಗ್ರಾಂ ಕೂಡ ಮಾಡಿದರು. ಎದೆ ತೆರೆದಾಗ ಹೃದಯದ ರಕ್ತನಾಳಗಳಲ್ಲಿ ಅಡಚಣೆ ಇದ್ದರೆ ಅದನ್ನೂ ಒಟ್ಟಿಗೇ ಸರಿಪಡಿಸಬಹುದು ಎಂಬುದು ಅದರ ಉದ್ದೇಶ. ಹಲ್ಲು ನೋಡಿದರು, ಮೂತ್ರ ನೋಡಿದರು. ರಕ್ತ ಕೊಡಲು ಶನಿವಾರಸಂತೆಯಿಂದ ಅಣ್ಣನ ಸ್ನೇಹಿತರು ಜೀಪಿನಲ್ಲಿ ಬಂದರು.

ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಸರ್ಜನ್ ನಮ್ಮನ್ನು ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಎದೆಯ ಮೂಳೆಯನ್ನು ನಡುವೆ ಉದ್ದಕ್ಕೆ ಸೀಳುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ದೇಹದ ಮೇಲಿನಿಂದ ಮತ್ತು ಕೆಳಗಿನಿಂದ ಹೃದಯಕ್ಕೆ ಬರುವ ಎರಡು ದೊಡ್ಡ ಅಭಿಧಮನಿಗಳಿಗೆ ಕೊಳವೆ ಹಾಕಿ, ರಕ್ತವನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ಹರಿಸುತ್ತಾರೆ. ಯಂತ್ರ ಅದಕ್ಕೆ ಆಮ್ಲಜನಕ ಸೇರಿಸಿ, ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿಗೆ ವಾಪಸು ಕೊಡುತ್ತದೆ. ಆಮೇಲೆ ಮಹಾಪಧಮನಿಗೆ ಬುಡದ ಬಳಿ ಕ್ಲಾಂಪ್ ಎಂಬ ಇಕ್ಕಳ ಹಾಕಿ ಮುಚ್ಚಿ, ಪೊಟ್ಯಾಸಿಯಂ ಹೆಚ್ಚಿರುವ ತಣ್ಣನೆಯ ದ್ರಾವಣವನ್ನು ಹೃದಯದ ರಕ್ತನಾಳಗಳಿಗೆ ಬಿಟ್ಟಾಗ ಹೃದಯ ಸಡಿಲಗೊಂಡು ನಿಲ್ಲುತ್ತದೆ. ಈ ಗಡ್ಡೆಯ ಮಟ್ಟಿಗೆ ಬಹಳ ಎಚ್ಚರ ಬೇಕಾದದ್ದು ಅಲ್ಲಿಯವರೆಗಿನ ಹೊತ್ತಿನಲ್ಲಿ ಎಂದರು ಅವರು. ಬೇರೆ ಆಪರೇಷನ್ನುಗಳಲ್ಲಿ ಹೃದಯವನ್ನು ಕೈಯಲ್ಲಿ ಎತ್ತಿ, ತಿರುಗಿಸಿ ನೋಡುವುದುಂಟು. ಇಲ್ಲಿ ಕ್ಲಾಂಪ್ ಹಾಕುವವರೆಗೆ ಹೃದಯವನ್ನು ಆದಷ್ಟು ಮುಟ್ಟುವುದಿಲ್ಲ. ಮುಟ್ಟಿದಾಗ ಒಂದು ಚೂರು ಕಳಚಿದರೂ ಅದು ನೇರ ಮಿದುಳಿಗೆ ಹೋದೀತು.

ಹೃದಯ ನಿಂತ ಮೇಲೆ ಹೃತ್ಕರ್ಣವನ್ನು ತೆರೆಯುತ್ತಾರೆ. ಕೆಲವರು ಎಡ ಹೃತ್ಕರ್ಣವನ್ನೇ ನೇರವಾಗಿ ತೆರೆಯುತ್ತಾರೆ, ಕೆಲವರು ಬಲ ಹೃತ್ಕರ್ಣವನ್ನು ತೆರೆದು ನಡುಗೋಡೆಯ ಮೂಲಕ ಹೋಗುತ್ತಾರೆ, ಇನ್ನು ಕೆಲವರು ಎರಡನ್ನೂ ತೆರೆಯುತ್ತಾರೆ. ಗಡ್ಡೆಯ ಗಾತ್ರ, ತೊಟ್ಟಿನ ಜಾಗ ಮತ್ತು ಸರ್ಜನ್ನರ ಅಭ್ಯಾಸದ ಮೇಲೆ ಇದು ಹೋಗುತ್ತದೆ. ಗಡ್ಡೆಯನ್ನು ಹಿಡಿದೆಳೆಯುವಂತಿಲ್ಲ. ತೊಟ್ಟು ಅಂಟಿಕೊಂಡಿರುವ ಗೋಡೆಯ ಭಾಗವನ್ನೇ ಸುತ್ತಲೂ ಸ್ವಲ್ಪ ಆರೋಗ್ಯವಂತ ಅಂಚು ಸೇರಿಸಿ ಕತ್ತರಿಸಿ, ಗಡ್ಡೆಯ ಸಮೇತ ಒಂದೇ ತುಂಡಾಗಿ ಹೊರತೆಗೆಯುತ್ತಾರೆ. ಕಾಫಿ ಗಿಡದ ಕಾಂಡದಲ್ಲಿ ಬರುವ ಬೇಡದ ಚಿಗುರನ್ನು ಬುಡಸಮೇತ ಕೀಳದೆ ಮೇಲಿನಿಂದ ಚಿವುಟಿದರೆ ಮತ್ತೆ ಅಲ್ಲೇ ಚಿಗುರುತ್ತದಲ್ಲ, ಹಾಗೆಯೇ ಇದು ಎಂದು ಅಣ್ಣ ತನ್ನಷ್ಟಕ್ಕೆ ಹೇಳಿಕೊಂಡದ್ದಕ್ಕೆ ಸರ್ಜನ್ ಹೌದೆಂದು ತಲೆಯಾಡಿಸಿದರು. ಕತ್ತರಿಸಿದ ಜಾಗದಲ್ಲಿ ನಡುಗೋಡೆಗೆ ತೂತು ಉಳಿಯುತ್ತದೆ. ಅದು ಚಿಕ್ಕದಾದರೆ ನೇರವಾಗಿ ಹೊಲಿಯುತ್ತಾರೆ, ದೊಡ್ಡದಾದರೆ ಹೃದಯವನ್ನು ಸುತ್ತುವರಿದಿರುವ ಪೆರಿಕಾರ್ಡಿಯಂ ಎಂಬ ರೋಗಿಯದೇ ಪೊರೆಯಿಂದ ಒಂದು ತುಂಡು ತೆಗೆದು ತೇಪೆ ಹಾಕುತ್ತಾರೆ. ನಾಲ್ಕೂ ಕೋಣೆಗಳಲ್ಲಿ ಇನ್ನೊಂದು ಗಡ್ಡೆ ಇದೆಯೇ ಎಂದು ನೋಡಿ, ಚೂರು ಉಳಿಯದಂತೆ ಸಲೈನಿನಿಂದ ತೊಳೆದು, ಓಲಾಡುತ್ತಿದ್ದ ಗಡ್ಡೆಯಿಂದ ಮೈಟ್ರಲ್ ಕವಾಟಕ್ಕೆ ಪೆಟ್ಟಾಗಿದೆಯೇ ಎಂದು ನೀರು ತುಂಬಿಸಿ ಪರೀಕ್ಷಿಸುತ್ತಾರೆ. ಆಮೇಲೆ ಒಳಗಿನ ಗಾಳಿಯನ್ನೆಲ್ಲ ಹೊರಹಾಕಿ, ಕ್ಲಾಂಪ್ ತೆಗೆದಾಗ ಬೆಚ್ಚನೆಯ ರಕ್ತ ಹರಿದು ಹೃದಯ ಮತ್ತೆ ಬಡಿಯತೊಡಗುತ್ತದೆ. ಅನ್ನನಾಳದೊಳಗೆ ಇಳಿಸಿದ ಎಕೋ ಪ್ರೋಬಿನಿಂದ ಅಲ್ಲಿಯೇ ಇನ್ನೊಮ್ಮೆ ನೋಡಿ ಖಚಿತಪಡಿಸಿಕೊಂಡ ಮೇಲೆ ಎದೆಯ ಮೂಳೆಯನ್ನು ಉಕ್ಕಿನ ತಂತಿಗಳಿಂದ ಬಿಗಿಯುತ್ತಾರೆ. ಅನುಭವವಿರುವ ಕೇಂದ್ರಗಳಲ್ಲಿ ಈ ಶಸ್ತ್ರಚಿಕಿತ್ಸೆಯ ಸಾವಿನ ಅಪಾಯ ನೂರಕ್ಕೆ ಕೆಲವೇ ಜನರದ್ದು, ಆದರೆ ಇಲ್ಲವೇ ಇಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಲಕ್ವ, ರಕ್ತಸ್ರಾವ, ಮೂತ್ರಪಿಂಡದ ತೊಂದರೆ ಎಂದು ಒಂದೊಂದನ್ನೂ ಓದಿ ಹೇಳಿಸಿಯೇ ಅಣ್ಣನಿಂದ ಸಹಿ ತೆಗೆದುಕೊಂಡರು. ಅದು ನನಗೆ ಒಳ್ಳೆಯ ಕ್ರಮ ಅನಿಸಿತು.

ಆಪರೇಷನ್ ಆದ ಮೇಲೆ ಗಡ್ಡೆಯನ್ನು ನಮಗೆ ತೋರಿಸಿದರು. ಸ್ಟೀಲ್ ಬಟ್ಟಲಿನಲ್ಲಿ ಇತ್ತು. ಕಂದು-ಹಳದಿ ಬಣ್ಣ, ಅಲ್ಲಲ್ಲಿ ರಕ್ತದ ಕಲೆ, ಮೈಯೆಲ್ಲ ಲೋಳೆಯ ಹೊಳಪು. ಬಟ್ಟಲನ್ನು ತುಸು ಓರೆಮಾಡಿದಾಗ ಅದರ ಮೇಲಿನ ಎಳೆಗಳು ಅತ್ತಿತ್ತ ಓಲಿದವು, ಒಂದು ಎಳೆ ತುದಿಯಲ್ಲಿ ಆಗಲೇ ಅರ್ಧ ಹರಿದಿತ್ತು. ಒಂದು ಬದಿಗೆ ನಡುಗೋಡೆಯ ಬಿಳಿಚಿದ ತುಂಡು ಅಂಟಿಕೊಂಡೇ ಇತ್ತು. ಅರ್ಧ ಹರಿದಿದ್ದ ಆ ಎಳೆಯನ್ನು ನೋಡಿದ ಮೇಲೆ ಆಪರೇಷನ್ ಯಾಕೆ ಬೇಕಿತ್ತು ಎಂದು ಅಣ್ಣ ಮತ್ತೆ ಕೇಳಲಿಲ್ಲ. ಗಡ್ಡೆ ಪೆಥಾಲಜಿಗೆ ಹೋಯಿತು. ಮಿಕ್ಸೋಮಾ ಎಂಬ ಅಂತಿಮ ಮಾತು ಸೂಕ್ಷ್ಮದರ್ಶಕದ ವರದಿಯಿಂದಲೇ ಬರಬೇಕು, ಎಕೋ ಎಷ್ಟು ಸ್ಪಷ್ಟವಾಗಿದ್ದರೂ ಅದು ಬಲವಾದ ಅನುಮಾನ ಮಾತ್ರ.

ಐಸಿಯುನಿಂದ ವಾರ್ಡಿಗೆ ಬಂದ ಮೇಲೆ ಅತ್ತಿಗೆಯ ಹೃದಯಬಡಿತ ಒಂದು ರಾತ್ರಿ ತಾಳತಪ್ಪಿತು. ಹೃತ್ಕರ್ಣವನ್ನು ತೆರೆದು ಹೊಲಿದವರಲ್ಲಿ ಇದು ಬಹಳ ಸಾಮಾನ್ಯ, ಔಷಧಿಯಿಂದ ಸರಿಹೋಯಿತು. ಮೂರು ಚೆಂಡುಗಳ ಪ್ಲಾಸ್ಟಿಕ್ ಉಪಕರಣದಲ್ಲಿ ಉಸಿರೆಳೆದು ಚೆಂಡು ಏರಿಸುವ ವ್ಯಾಯಾಮ, ಕೆಮ್ಮುವಾಗ ಎದೆಗೆ ದಿಂಬು ಒತ್ತಿ ಹಿಡಿಯುವುದು, ಎಂಟು ವಾರಗಳವರೆಗೆ ಭಾರ ಎತ್ತದಿರುವುದು, ಮೂಳೆ ಕೂಡುವವರೆಗೆ ಕೈಗಳ ಮೇಲೆ ಭಾರ ಹಾಕಿ ಏಳದಿರುವುದು ಇವೆಲ್ಲ ಎಲ್ಲ ತೆರೆದ ಹೃದಯದ ಶಸ್ತ್ರಚಿಕಿತ್ಸೆಗಳಿಗೂ ಸಮಾನ. ಜ್ವರ ಮಾತ್ರ ಆಮೇಲೆ ಬರಲೇ ಇಲ್ಲ.

ಮಿಕ್ಸೋಮಾಕ್ಕೆ ಹೇಳಿದ್ದು ಎಲ್ಲ ಗಡ್ಡೆಗಳಿಗೂ ಅನ್ವಯಿಸುವುದಿಲ್ಲ ಎಂಬುದನ್ನು ಇಲ್ಲಿ ಸೇರಿಸಲೇಬೇಕು, ಮುಖ್ಯವಾಗಿ ಮಕ್ಕಳ ವಿಷಯದಲ್ಲಿ. ಎಳೆಯ ಮಕ್ಕಳ ಹೃದಯದಲ್ಲಿ ಹೆಚ್ಚಾಗಿ ಕಾಣುವುದು ರಾಬ್ಡೋಮಯೋಮಾ, ಸ್ನಾಯುವಿನದೇ ಗಡ್ಡೆ. ಇದು ಗರ್ಭಿಣಿಯ ಸ್ಕ್ಯಾನಿಂಗ್‌ನಲ್ಲಿಯೇ ಕಂಡುಬರುವುದುಂಟು, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚಿರುತ್ತವೆ, ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಆನುವಂಶಿಕ ಕಾಯಿಲೆಯೊಂದಿಗೆ ಅದಕ್ಕೆ ನಿಕಟ ಸಂಬಂಧವಿದೆ. ಆದರೆ ಮಗು ಬೆಳೆದಂತೆ ಇವುಗಳಲ್ಲಿ ಬಹಳಷ್ಟು ತಾವಾಗಿಯೇ ಕುಗ್ಗುತ್ತವೆ. ರಕ್ತದ ಹರಿವಿಗೆ ತಡೆಯಾದರೆ ಅಥವಾ ಬಡಿತ ಅಪಾಯಕಾರಿಯಾಗಿ ಏರುಪೇರಾದರೆ ಮಾತ್ರ ಶಸ್ತ್ರಚಿಕಿತ್ಸೆ, ಇಲ್ಲದಿದ್ದರೆ ನೋಡುತ್ತಾ ಕಾಯುವುದೇ ಚಿಕಿತ್ಸೆ. ಮಕ್ಕಳಲ್ಲಿಯೇ ಕಾಣುವ ಫೈಬ್ರೋಮಾ ಹಾಗಲ್ಲ. ಅದು ಹೃತ್ಕುಕ್ಷಿಯ ಸ್ನಾಯುವಿನೊಳಗೇ ಗಟ್ಟಿಯಾಗಿ ಕುಳಿತಿರುತ್ತದೆ, ತಾನಾಗಿ ಕರಗುವುದಿಲ್ಲ, ಬಡಿತದ ತೊಂದರೆ ತರುತ್ತದೆ. ದೊಡ್ಡವರ ಕವಾಟಗಳ ಮೇಲೆ ಬೆಳೆಯುವ ಪ್ಯಾಪಿಲರಿ ಫೈಬ್ರೋಇಲಾಸ್ಟೋಮಾ ಹೆಚ್ಚಾಗಿ ಒಂದು ಸೆಂಟಿಮೀಟರ್ ಆಸುಪಾಸಿನದಾದರೂ ಲಕ್ವಕ್ಕೆ ಕಾರಣವಾಗಬಲ್ಲದು. ಕವಾಟವನ್ನು ಉಳಿಸಿಕೊಂಡು ಅದನ್ನಷ್ಟೇ ಸವರಿ ತೆಗೆಯಲು ಎಷ್ಟೋ ಸಲ ಸಾಧ್ಯವಾಗುತ್ತದೆ. ಗಡ್ಡೆ ಇದೆ ಎಂಬ ಒಂದೇ ಮಾತಿನ ಮೇಲೆ ಹೆದರುವುದೂ ಸಲ್ಲದು, ಧೈರ್ಯವಾಗಿರುವುದೂ ಸಲ್ಲದು. ಯಾವ ಗಡ್ಡೆ, ಎಲ್ಲಿ, ಎಷ್ಟು ಚಲಿಸುತ್ತದೆ ಎಂದು ವೈದ್ಯರನ್ನು ಬಿಡದೆ ಕೇಳಬೇಕು.

ಕೊಡಗಿನ ಓದುಗರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು ಅನಿಸುತ್ತದೆ. ಎಕೋ ನೋವಿಲ್ಲದ ಪರೀಕ್ಷೆ, ಚುಚ್ಚುವುದಿಲ್ಲ, ವಿಕಿರಣವಿಲ್ಲ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಇಸಿಜಿ ಸರಿ ಇದೆ ಎಂದ ಮಾತ್ರಕ್ಕೆ ಹೃದಯದೊಳಗೆ ಗಡ್ಡೆ ಇಲ್ಲ ಎಂದಾಗುವುದಿಲ್ಲ, ಏಕೆಂದರೆ ಇಸಿಜಿ ನೋಡುವುದು ವಿದ್ಯುತ್ತನ್ನು, ಆಕಾರವನ್ನಲ್ಲ. ಏರು ಹತ್ತುವಾಗ ಮೊದಲಿಗಿಂತ ಬೇಗ ದಣಿಯುವುದು, ಮಲಗುವ ಭಂಗಿಗೆ ತಕ್ಕಂತೆ ಬದಲಾಗುವ ಏದುಸಿರು, ಕಾರಣವಿಲ್ಲದೆ ತಲೆಸುತ್ತಿ ಬೀಳುವುದು, ಇನ್‌ಹೇಲರ್‌ಗೆ ಬಗ್ಗದ ಉಬ್ಬಸದ ಜೊತೆಗೆ ಸಣ್ಣ ಜ್ವರ ಇವುಗಳಲ್ಲಿ ಯಾವುದೇ ಇದ್ದರೂ ಎಕೋ ಬೇಕೇ ಎಂದು ನಾವೇ ಬಾಯಿಬಿಟ್ಟು ಕೇಳಬಹುದು. ಅದರಲ್ಲಿ ಮಿಕ್ಸೋಮಾ ಸಿಗುವುದು ತೀರಾ ಅಪರೂಪ, ಆದರೆ ಕವಾಟದ ಕಾಯಿಲೆಯೋ ದುರ್ಬಲಗೊಂಡ ಹೃದಯವೋ ಸಿಗುವುದು ಅಪರೂಪವಲ್ಲ, ಅವಕ್ಕೂ ಚಿಕಿತ್ಸೆ ಇದೆ. ನಮ್ಮ ಹೆಂಗಸರು ತೋಟ, ಮನೆ, ದನಕರು ಎಲ್ಲವನ್ನೂ ನೋಡಿಕೊಂಡು ತಮ್ಮ ಸುಸ್ತನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಸಿಲ್ವರ್ ಓಕ್ ಹಿಡಿದು ನಿಂತ ಅತ್ತಿಗೆಯನ್ನು ಕೆಲಸದ ಹೆಣ್ಣುಮಗಳೊಬ್ಬಳು "ಏನಕ್ಕಾ, ಮುಖ ಹೀಗೆ ನೀಲಿ ಬಿದ್ದಿದೆ" ಎಂದು ಕೇಳಿ, ಮನೆಗೆ ಬಂದು ಅಣ್ಣನಿಗೂ ಹೇಳಿದ್ದರಿಂದಲೇ ನಾವು ಮಡಿಕೇರಿಗೆ ಹೋದದ್ದು.

ಒಂಟಿಯಾಗಿ ಬರುವ ಮಿಕ್ಸೋಮಾವನ್ನು ಬುಡಸಮೇತ ತೆಗೆದರೆ ಅದು ಮರುಕಳಿಸುವ ಸಂಭವ ನೂರಕ್ಕೆ ಒಂದರಿಂದ ಮೂರರಷ್ಟು. ಆದರೆ ಕೆಲವು ಕುಟುಂಬಗಳಲ್ಲಿ ಇದು ಆನುವಂಶಿಕವಾಗಿ ಬರುತ್ತದೆ. 1985ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಪೆಥಾಲಜಿಸ್ಟ್ ಐಡನ್ ಕಾರ್ನಿ ವಿವರಿಸಿದ, ಈಗ ಕಾರ್ನಿ ಕಾಂಪ್ಲೆಕ್ಸ್ ಎಂದು ಕರೆಯುವ ಸ್ಥಿತಿಯಲ್ಲಿ ತುಟಿ, ಕಣ್ಣಿನ ರೆಪ್ಪೆಗಳ ಮೇಲೆ ಕಂದು ಚುಕ್ಕೆಗಳು, ಹಾರ್ಮೋನ್ ಗ್ರಂಥಿಗಳ ತೊಂದರೆಗಳು ಮತ್ತು ಹೃದಯದ ಮಿಕ್ಸೋಮಾ ಒಟ್ಟಿಗೇ ಬರುತ್ತವೆ. ಬಹಳಷ್ಟು ಮಂದಿಯಲ್ಲಿ 17ನೇ ವರ್ಣತಂತುವಿನ ಮೇಲಿನ ಒಂದು ಜೀನಿನ ದೋಷ ಇದಕ್ಕೆ ಕಾರಣ. ಅಂಥವರಲ್ಲಿ ಗಡ್ಡೆ ಚಿಕ್ಕ ವಯಸ್ಸಿಗೇ ಬರುತ್ತದೆ, ಒಂದಕ್ಕಿಂತ ಹೆಚ್ಚು ಕೋಣೆಗಳಲ್ಲಿ ಬರಬಹುದು, ತೆಗೆದ ಮೇಲೂ ಮರಳಿ ಬರುವ ಸಾಧ್ಯತೆ ಎಷ್ಟೋ ಹೆಚ್ಚು. ಅತ್ತಿಗೆಯಲ್ಲಿ ಇವುಗಳ ಯಾವ ಸುಳಿವೂ ಇರಲಿಲ್ಲ. ಆದರೂ ವರ್ಷಕ್ಕೊಮ್ಮೆ ಎಕೋ ಮಾಡಿಸಿ, ಅದೇ ನಡುಗೋಡೆಯನ್ನು, ಅದೇ ತೇಪೆಯ ಅಂಚನ್ನು ನೋಡಿಸಬೇಕು ಎಂದು ಬರೆದುಕೊಟ್ಟಿದ್ದಾರೆ. ಅಣ್ಣನ ಮಗಳಿಗೂ ಒಮ್ಮೆ ಎಕೋ ಮಾಡಿಸಿದೆವು. ಆಕೆಯ ಹೃದಯದಲ್ಲಿ ಏನೂ ಇಲ್ಲ. ಅತ್ತಿಗೆಯ ಪೆಥಾಲಜಿ ವರದಿಯ ಒಂದು ಜೆರಾಕ್ಸ್ ಪ್ರತಿಯನ್ನು ಅವಳ ಫೈಲಿನಲ್ಲಿಯೂ ಇಟ್ಟಿದ್ದೇನೆ. ಮುಂದೆ ಅವಳು ಯಾವ ಊರಿನ ಯಾವ ವೈದ್ಯರ ಬಳಿಗೆ ಹೋದರೂ ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತೇ ಎಂದು ಕೇಳುತ್ತಾರೆ, ಆಗ ತೋರಿಸಲು ಅದು ಬೇಕಾಗುತ್ತದೆ.